ಮೊಣಕೈ ಎತ್ತರದ ಲೆಕ್ಕ

ಕಳೆದ ವರ್ಷ ಮೇ ತಿಂಗಳಲ್ಲಿ ಅಮ್ಮನ ಅಡುಗೆಮನೆಯ ಸಿಂಕಿನ ಹಿಂದಿನ ಗೋಡೆ ಊದಿಕೊಂಡಿತು. ಬಣ್ಣ ಹಪ್ಪಳದಂತೆ ಎದ್ದು ನಿಂತು, ಬೆರಳು ತಾಕಿದರೆ ಪುಡಿ ಉದುರುತ್ತಿತ್ತು. ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ 1987ರಲ್ಲಿ ಕಟ್ಟಿಸಿದ ಮನೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಅಡುಗೆಮನೆ. ಕಡಪ ಕಲ್ಲಿನ ಕಟ್ಟೆ, ಕಡಪ ಕಲ್ಲಿನದೇ ಗೂಡುಗಳು, ಮೊಸಾಯಿಕ್ ನೆಲ, ಕಿಟಕಿಯ ಮೇಲೊಂದು ಅಟ್ಟ. ಆ ಕಾಲದಲ್ಲಿ ಮಧ್ಯಮ ವರ್ಗದವರು ಕಟ್ಟಿಸಿದ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ಕಾಣುವ ಅಡುಗೆಮನೆ.

ಅಣ್ಣ ಮಾಡ್ಯುಲರ್ ಕಿಚನ್ ಮಾಡುವ ಒಂದು ಕಂಪನಿಯವರನ್ನು ಕರೆಸಿದ. ಅವರು ಗೋಡೆಗಳನ್ನು ಅಳೆದುಕೊಂಡು ಹೋಗಿ, ಎರಡು ದಿನದಲ್ಲಿ ಬಣ್ಣದ ಚಿತ್ರಗಳ ಜೊತೆ ನಾಲ್ಕು ಪುಟದ ಕೊಟೇಶನ್ ಕಳಿಸಿದರು. ಒಟ್ಟು 3,60,000 ರೂಪಾಯಿ. ನಮ್ಮ ಕೈಯಲ್ಲಿದ್ದದ್ದು 90,000.

ಹಣ ಸಾಲದು ಎನ್ನುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ನಾಲ್ಕು ಪುಟಗಳು. ಬಾಗಿಲುಗಳ ಬಣ್ಣ, ಹಿಡಿಕೆಯ ಮಾದರಿ, ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರುಗಳು ಎಲ್ಲವೂ ಅದರಲ್ಲಿದ್ದವು. ಊದಿದ ಗೋಡೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಚಿತ್ರದಲ್ಲಿ ಸಿಲಿಂಡರ್ ಇರಲಿಲ್ಲ, ಗ್ರೈಂಡರ್ ಇರಲಿಲ್ಲ, ಕುಡಿಯುವ ನೀರಿನ ಕೊಳಗ ಇರಲಿಲ್ಲ. ಮೂವತ್ತೈದಕ್ಕೂ ಹೆಚ್ಚು ವರ್ಷ ಅದೇ ಜಾಗದಲ್ಲಿ ನಿಂತು ಅಡುಗೆ ಮಾಡಿದ ಅಮ್ಮ ಎಷ್ಟು ಎತ್ತರವಿದ್ದಾರೆ ಎಂದು ಯಾರೂ ಕೇಳಿರಲೇ ಇಲ್ಲ.

ಕಡಿಮೆ ಹಣದಲ್ಲಿ ಹಳೆಯ ಅಡುಗೆಮನೆ ಸರಿಮಾಡಲು ಹೊರಟವರಿಗೆ ನಾನು ಹೇಳಬೇಕಾದದ್ದು ಇಷ್ಟು: ಹಣ ಮೊದಲು ಅಲ್ಲಿ ನಿಂತು ದುಡಿಯುವವರ ಮೈಗೆ ಒಪ್ಪುವ ಅಳತೆಗೆ ಹೋಗಲಿ. ಆಮೇಲೆ ಗೋಡೆಯೊಳಗಿನ ನೀರಿಗೆ, ಕರೆಂಟಿಗೆ, ಹೊಗೆ ಹೊರಹೋಗುವ ದಾರಿಗೆ. ಬಾಗಿಲು, ಬಣ್ಣ, ಹೊಳಪು ಉಳಿದ ಹಣದಲ್ಲಿ ಆಗುವಷ್ಟಾಗಲಿ.

ನಾವು ಮೊದಲು ಮಾಡಿದ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ನಾಲ್ಕು ದಿನ ನಾನು ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಅಮ್ಮ ಮತ್ತು ಅತ್ತಿಗೆ ಕೆಲಸ ಮಾಡುವುದನ್ನು ನೋಡುತ್ತಾ ಕೂತೆ. ಎಲ್ಲಿ ಬಗ್ಗುತ್ತಾರೆ, ಎಲ್ಲಿ ತುದಿಗಾಲಲ್ಲಿ ನಿಲ್ಲುತ್ತಾರೆ, ಬಿಸಿ ಪಾತ್ರೆ ಹಿಡಿದುಕೊಂಡು ಎಷ್ಟು ಹೆಜ್ಜೆ ನಡೆಯುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಅನ್ನ ಬಸಿಯುವಾಗ ಅಮ್ಮ ಒಲೆಯಿಂದ ಸಿಂಕಿನವರೆಗೆ ಕುದಿಯುವ ಗಂಜಿಯ ಪಾತ್ರೆ ಹಿಡಿದು ಆರು ಹೆಜ್ಜೆ ನಡೆಯುತ್ತಿದ್ದರು. ದಿನವೂ ಬೇಕಾಗುವ ತೊಗರಿಬೇಳೆ ಮೇಲಿನ ಗೂಡಿನಲ್ಲಿತ್ತು. ವರ್ಷಕ್ಕೆರಡು ಸಲ ತೆಗೆಯುವ ಚಕ್ಕುಲಿ ಒರಳು ಕೈಗೆಟುಕುವ ಜಾಗದಲ್ಲಿತ್ತು. ಪಾತ್ರೆ ತೊಳೆದು ಮುಗಿದ ಮೇಲೆ ಅಮ್ಮ ಪ್ರತಿ ಸಲವೂ ಎರಡೂ ಕೈ ಸೊಂಟಕ್ಕೆ ಇಟ್ಟು ಒಂದು ನಿಮಿಷ ಹಿಂದಕ್ಕೆ ಬಾಗಿ ನಿಲ್ಲುತ್ತಿದ್ದರು. ಇಷ್ಟು ವರ್ಷ ಅದೇ ಮನೆಯಲ್ಲಿ ಉಂಡು ಬೆಳೆದ ನಾನು ಅದನ್ನು ಗಮನಿಸಿದ್ದು ಆ ನಾಲ್ಕು ದಿನಗಳಲ್ಲಿ.

ಹೀಗೆ ನೋಡಿ, ಅಳೆದು ಅಡುಗೆಮನೆ ರೂಪಿಸುವುದು ಹೊಸ ವಿಚಾರವೇನಲ್ಲ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕರಿಗಾಗಿ ಸಾವಿರಾರು ಅಗ್ಗದ ಮನೆಗಳನ್ನು ಕಟ್ಟಬೇಕಾಗಿ ಬಂತು. ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ಆ ಮನೆಗಳಿಗೆಂದು ಒಂದು ಅಡುಗೆಮನೆ ರೂಪಿಸಿದಳು. ಅದರ ಅಳತೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹೆಂಗಸರು ಎಷ್ಟು ಹೆಜ್ಜೆ ನಡೆಯುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕದ ಮೇಲೆ ನಿಂತ ಯೋಜನೆ ಅದು. ಅಕ್ಕಿ, ಸಕ್ಕರೆಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳು, ಕೂತು ತರಕಾರಿ ಹೆಚ್ಚಲು ತಿರುಗುವ ಸ್ಟೂಲು, ಕಿಟಕಿಯ ಬೆಳಕು ಬೀಳುವ ಕಡೆ ಕೆಲಸದ ಕಟ್ಟೆ. ಸುಮಾರು 10,000 ಮನೆಗಳಲ್ಲಿ ಅದನ್ನು ಅಳವಡಿಸಿದರು. ಇಂದಿನ ಮಾಡ್ಯುಲರ್ ಕಿಚನ್‌ಗಳ ಮೂಲ ಅಲ್ಲಿದೆ. ಸಾಧಾರಣ ಜನರ ಶ್ರಮ ಮತ್ತು ಖರ್ಚು ಉಳಿಸಲು ಹುಟ್ಟಿದ ವಿಚಾರ ಅದು ಎನ್ನುವುದನ್ನು ನಾವು ಮರೆಯಬಾರದು.

ಆ ಅಡುಗೆಮನೆಯ ವಿಸ್ತೀರ್ಣ ಆರೂವರೆ ಚದರ ಮೀಟರ್. ನಮ್ಮದು ಏಳಕ್ಕೂ ಹೆಚ್ಚು. ಹಾಗಾಗಿ ಜಾಗ ಸಾಲದು ಎಂಬ ಮಾತನ್ನು ಪಕ್ಕಕ್ಕಿಟ್ಟೆವು. ಊಟದ ಕೋಣೆಯ ಕಡೆಯ ಗೋಡೆ ಒಡೆದು ಓಪನ್ ಕಿಚನ್ ಮಾಡೋಣ ಎಂದು ಅಣ್ಣ ಹೇಳುತ್ತಿದ್ದ, ಅದನ್ನೂ ಬಿಟ್ಟೆವು. ಆ ಕಾಲದ ಅನೇಕ ಮನೆಗಳಲ್ಲಿ ಕಂಬಗಳಿಲ್ಲ. ಒಂಬತ್ತಿಂಚಿನ ಇಟ್ಟಿಗೆ ಗೋಡೆಗಳೇ ತಾರಸಿಯ ಭಾರ ಹೊತ್ತಿರುತ್ತವೆ. ಅಂಥ ಗೋಡೆಯನ್ನು ಸಿವಿಲ್ ಎಂಜಿನಿಯರ್ ಬಂದು ನೋಡದೆ, ಬರೀ ಮೇಸ್ತ್ರಿಯ ಮಾತು ನಂಬಿ ಒಡೆಯಬೇಡಿ. ಇದೊಂದು ವಿಷಯದಲ್ಲಿ ಉಳಿತಾಯದ ಯೋಚನೆಯೇ ಬೇಡ.

ಈಗ ಎತ್ತರದ ವಿಷಯಕ್ಕೆ ಬರುತ್ತೇನೆ. ನೆಲದ ಮೇಲೆ ಕೂತು, ಒಲೆಯ ಮುಂದೆ ಮಣೆ ಹಾಕಿಕೊಂಡು ಅಡುಗೆ ಮಾಡುತ್ತಿದ್ದ ನಮ್ಮ ಹೆಂಗಸರು ಗ್ಯಾಸ್ ಬಂದ ಮೇಲೆ ಎದ್ದು ನಿಂತರು. ನಿಂತವರ ಮೈಯನ್ನು ಅಳೆದು ಕಟ್ಟೆ ಕಟ್ಟಿದವರು ಕಡಿಮೆ. ಎರಡೂವರೆ ಅಡಿ ಎಂಬ ಒಂದು ರೂಢಿ ಬಂತು, ಅದೇ ನಡೆಯಿತು. ನಮ್ಮ ಮನೆಯಲ್ಲಿ ಅದು 29 ಇಂಚು. ಅಳೆಯುವ ಕ್ರಮ ಸುಲಭ: ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈಯನ್ನು ಮಡಿಸಬೇಕು. ನೆಲದಿಂದ ಮೊಣಕೈವರೆಗಿನ ಎತ್ತರದಲ್ಲಿ ನಾಲ್ಕೈದು ಇಂಚು ಕಳೆದರೆ ಅವರು ಹೆಚ್ಚಲು, ಕಲಸಲು ಬೇಕಾದ ಕಟ್ಟೆಯ ಎತ್ತರ ಸಿಗುತ್ತದೆ. ಅಮ್ಮ ಐದಡಿ, ಮೊಣಕೈ ಮೂವತ್ತೇಳೂವರೆ ಇಂಚಿನಲ್ಲಿದೆ. ಅವರಿಗೆ ಬೇಕಾದದ್ದು 33 ಇಂಚಿನ ಕಟ್ಟೆ. ಅಂದರೆ ಇಷ್ಟು ವರ್ಷ ಅವರು ದಿನವೂ ನಾಲ್ಕಿಂಚು ಹೆಚ್ಚಾಗಿ ಬಗ್ಗಿ ಕೆಲಸ ಮಾಡಿದ್ದಾರೆ.

ಸಿಂಕಿನ ಲೆಕ್ಕ ಬೇರೆ, ಒಲೆಯ ಲೆಕ್ಕ ಬೇರೆ. ಪಾತ್ರೆ ತೊಳೆಯುವಾಗ ಕೈ ಓಡಾಡುವುದು ಸಿಂಕಿನ ತಳದಲ್ಲಿ, ಅಂಚಿನಿಂದ ಏಳೆಂಟು ಇಂಚು ಕೆಳಗೆ. ಆದ್ದರಿಂದ ಸಿಂಕಿನ ಅಂಚು ಎತ್ತರದಲ್ಲಿದ್ದಷ್ಟೂ ಸೊಂಟಕ್ಕೆ ಒಳ್ಳೆಯದು. ಒಲೆಯದು ಇದಕ್ಕೆ ತದ್ವಿರುದ್ಧ. ಗ್ಯಾಸ್ ಸ್ಟೌವ್ ತಾನೇ ಐದಿಂಚು ಎತ್ತರ; ಅದರ ಮೇಲೆ ಕುಕ್ಕರ್ ಇಟ್ಟರೆ ಇನ್ನೊಂದು ಏಳೆಂಟು ಇಂಚು. ಒಲೆಯ ಕಟ್ಟೆಯನ್ನೂ 33 ಇಂಚಿಗೆ ಏರಿಸಿದರೆ ಸಾರು ತಿರುಗಿಸಲು ಅಮ್ಮ ಭುಜ ಎತ್ತಬೇಕಾಗುತ್ತದೆ, ಕುದಿಯುವ ಎಣ್ಣೆ ಮುಖದ ಹತ್ತಿರಕ್ಕೆ ಬರುತ್ತದೆ. ಹಳೆಯ 29 ಇಂಚಿನ ಕಟ್ಟೆ ಒಲೆಗೆ ಮಾತ್ರ ಸರಿಯಾಗಿಯೇ ಇತ್ತು.

ನಮ್ಮ ಕಟ್ಟೆ ಎಲ್ ಆಕಾರದ್ದು. ಚಿಕ್ಕ ಕೈಯಲ್ಲಿ ಒಲೆ, ಉದ್ದ ಕೈಯಲ್ಲಿ ಸಿಂಕು. ಒಲೆಯ ಕಡೆಯನ್ನು ಮುಟ್ಟುವುದೇ ಬೇಡ, ಸಿಂಕಿನ ಕಡೆಯ ಏಳಡಿಯನ್ನು ಮಾತ್ರ ನಾಲ್ಕಿಂಚು ಏರಿಸೋಣ ಎಂದು ತೀರ್ಮಾನಿಸಿದೆವು.

"ಅಕ್ಕಾ, ಮಧ್ಯದಲ್ಲಿ ಮೆಟ್ಟಿಲು ಬಂದಂಗಾಗ್ತದೆ. ಒಂದೇ ಲೆವೆಲ್ ಇದ್ರೆ ನೋಡೋಕೆ ಚೆಂದ" ಎಂದರು ಮೇಸ್ತ್ರಿ.

"ಮೇಸ್ತ್ರಿಗಳೇ, ನೋಡೋರು ಯಾವಾಗಲೋ ಬರ್ತಾರೆ. ಅಮ್ಮ ದಿನಾ ನಿಲ್ಲಬೇಕಲ್ಲ" ಎಂದೆ.

ಅವರು ಅಮ್ಮನನ್ನು ಕಟ್ಟೆಯ ಮುಂದೆ ನಿಲ್ಲಿಸಿ, ನಾಲ್ಕಿಂಚಿನ ಒಂದು ಬ್ಲಾಕ್ ಮೇಲೆ ಹಲಗೆ ಇಟ್ಟು, "ಇಲ್ಲಿ ಸೌತೆಕಾಯಿ ಹೆಚ್ಚಿ ನೋಡಿ ಅಮ್ಮಾ" ಎಂದರು. ಅಮ್ಮ ಹೆಚ್ಚಿದರು. ಆಮೇಲೆ ಮೇಸ್ತ್ರಿ ಬೇರೆ ಮಾತಾಡಲಿಲ್ಲ. ಅತ್ತಿಗೆ ಐದೂಕಾಲು ಅಡಿಗಿಂತ ಎತ್ತರ. ಅವರಿಗೆ 33 ಇಂಚೂ ಸಾಲದು. ಅವರಿಗೆಂದು ಮೂರಿಂಚಿನ ಕಾಲುಗಳಿರುವ ಹಲಸಿನ ಹಲಗೆಯ ಮಣೆಯೊಂದನ್ನು ಬಡಗಿಯಿಂದ ಮಾಡಿಸಿದೆವು. ಕಟ್ಟೆಯ ಮೇಲಿಟ್ಟುಕೊಂಡು ಹೆಚ್ಚುತ್ತಾರೆ, ಮುಗಿದ ಮೇಲೆ ಗೋಡೆಗೆ ಒರಗಿಸುತ್ತಾರೆ.

ಏರಿಸುವುದಕ್ಕೆ ದೊಡ್ಡ ಕೆಲಸವೇನಿಲ್ಲ. ಹಳೆಯ ಕಲ್ಲನ್ನು ಹುಷಾರಾಗಿ ಎಬ್ಬಿಸಿ, ಕೆಳಗಿನ ಅಡ್ಡಗೋಡೆಗಳ ಮೇಲೆ ನಾಲ್ಕಿಂಚಿನ ಒಂದು ವರಸೆ ಬ್ಲಾಕ್ ಕಟ್ಟಿ, ಕಲ್ಲು ಹಾಸಿದರಾಯಿತು. ಎಬ್ಬಿಸಿದ ಕಡಪ ಕಲ್ಲನ್ನು ಕೊಯ್ಯಿಸಿ ಕಟ್ಟೆಯ ಕೆಳಗೆ ಎರಡು ಗೂಡು ಮಾಡಿದೆವು. ಸಿಂಕಿನ ಕಡೆಗೆ ಹೊಸದಾಗಿ ಗ್ರಾನೈಟ್ ಹಾಕಿಸಿದೆವು. ಕಾರಣ ಹೇಳುತ್ತೇನೆ. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲೂ ಅದೇ. ನಿಂಬೆಹುಳಿ, ಹುಣಸೆರಸ ಬಿದ್ದರೆ ಮೇಲ್ಮೈ ತಿಂದುಹೋಗಿ ಮಂಕಾದ ಕಲೆ ಉಳಿಯುತ್ತದೆ. ಗೂಡಿಗೆ ಅದು ಅತ್ಯುತ್ತಮ, ಹುಳಿ ಬೀಳುವ ಕಡೆಗೆ ಅಲ್ಲ. ಗ್ರಾನೈಟ್ ಹುಳಿಯನ್ನು ತಡೆಯುತ್ತದೆ. ಅಂಗಡಿಯಲ್ಲಿ ಅನುಮಾನ ಬಂದರೆ ಒಂದು ಚೂರು ಕೇಳಿ ತಂದು, ಅದರ ಮೇಲೆ ನಿಂಬೆರಸ ಹಾಕಿ ರಾತ್ರಿಯಿಡೀ ಬಿಟ್ಟು ನೋಡಿ. ಬೆಳಿಗ್ಗೆ ಒರೆಸಿದಾಗ ಹೊಳಪು ಹೋಗಿದ್ದರೆ ಆ ಕಲ್ಲು ಕಟ್ಟೆಗೆ ಬೇಡ.

ಗ್ರಾನೈಟ್ ಅಂಗಡಿಗಳಲ್ಲಿ ದೊಡ್ಡ ಕೆಲಸ ಮುಗಿದ ಮೇಲೆ ಉಳಿದ ತುಂಡುಗಳು ಗೋಡೆಗೆ ಒರಗಿರುತ್ತವೆ. ಕಟ್ ಪೀಸ್ ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು. ನಮಗೆ ಏಳಡಿ ಉದ್ದ, ಎರಡಡಿ ಅಗಲದ ಕಪ್ಪು ತುಂಡು ಸಿಕ್ಕಿತು. ಕಲ್ಲಿನ ದರಕ್ಕಿಂತ ಅಂಚು ದುಂಡು ಮಾಡುವುದಕ್ಕೆ, ಸಿಂಕಿಗೆ ರಂಧ್ರ ಕೊಯ್ಯುವುದಕ್ಕೆ, ಸಾಗಿಸುವುದಕ್ಕೆ ಹೆಚ್ಚು ಹಣ ಹೋಯಿತು. ಎಲ್ಲ ಸೇರಿ ಆರು ಸಾವಿರ. ಆದ್ದರಿಂದ ಚದರಡಿಯ ದರವೊಂದನ್ನೇ ಕೇಳಿ ಬರಬೇಡಿ, ಈ ಮೂರನ್ನೂ ಸೇರಿಸಿ ಕೇಳಿ.

ಕಟ್ಟೆ ಎಬ್ಬಿಸಿದಾಗ ಗೋಡೆ ಏಕೆ ಊದಿತ್ತು ಎನ್ನುವುದು ಕಂಡಿತು. ಒಳಗಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಪೈಪು ತುಕ್ಕು ಹಿಡಿದು, ಒಂದು ಎಲ್ಬೋದಿಂದ ಹನಿಹನಿಯಾಗಿ ನೀರು ಇಂಗುತ್ತಿತ್ತು. ಕೊಯ್ದ ಪೈಪನ್ನು ಪ್ಲಂಬರ್ ತೋರಿಸಿದರು. ಒಳಗೆ ತುಕ್ಕು ಕಟ್ಟಿ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿತ್ತು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದದ್ದಕ್ಕೆ ಕಾರಣವೂ ಅದೇ. ಈ ಗೋಡೆಯ ಮುಂದೆ ಮೂರೂವರೆ ಲಕ್ಷದ ಬಾಗಿಲುಗಳನ್ನು ಜೋಡಿಸಿದ್ದರೆ ಎರಡು ಮಳೆಗಾಲದಲ್ಲಿ ಅವೂ ಊದುತ್ತಿದ್ದವು. ಅಡುಗೆಮನೆಯ ಪೂರ್ತಿ ಪೈಪನ್ನು ಸಿಪಿವಿಸಿ ಎಂಬ ಪ್ಲಾಸ್ಟಿಕ್ಕಿಗೆ ಬದಲಾಯಿಸಿದೆವು. ಅದಕ್ಕೆ ತುಕ್ಕಿಲ್ಲ, ಬಿಸಿನೀರನ್ನೂ ತಾಳುತ್ತದೆ. ಗೋಡೆ ಮುಚ್ಚುವ ಮೊದಲು ಪೈಪಿನಲ್ಲಿ ನೀರು ತುಂಬಿಸಿ, ನಲ್ಲಿ ಮುಚ್ಚಿ, ಒಂದು ದಿನ ಬಿಟ್ಟು ನೋಡಬೇಕು. ಎಲ್ಲ ಗೋಡೆಗಳ ಫೋಟೋ ತೆಗೆದಿಡಬೇಕು. ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂದು ಗೊತ್ತಿರುತ್ತದೆ.

ಸಿಂಕಿನ ಕೆಳಗೆ ಬಾಗಿದ ಕೊಳವೆಯೊಂದು ಇರುತ್ತದೆ, ಪ್ಲಂಬರುಗಳು ಟ್ರ್ಯಾಪ್ ಎನ್ನುತ್ತಾರೆ. ಅದರ ಬಾಗಿನಲ್ಲಿ ಸದಾ ನಿಂತಿರುವ ನೀರು ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ. ನಮ್ಮಲ್ಲಿ ಅದು ಇರಲೇ ಇಲ್ಲ. ನೇರ ಪೈಪು ಹೊರಗಿನ ಚೇಂಬರಿಗೆ ಇಳಿದಿತ್ತು. ವರ್ಷವಿಡೀ ಜಿರಳೆ ಔಷಧಿಗೆ ಹಣ ಹಾಕುತ್ತಿದ್ದವರಿಗೆ ಕೆಲವು ನೂರು ರೂಪಾಯಿಯ ಟ್ರ್ಯಾಪ್ ಪರಿಹಾರವಾಯಿತು.

ಕರೆಂಟಿನ ವಿಷಯವನ್ನು ಗಟ್ಟಿಯಾಗಿ ಹೇಳಬೇಕಾಗಿದೆ. 1987ರಲ್ಲಿ ಅಡುಗೆಮನೆಗೆ ಒಂದು ಬಲ್ಬು, ಮಿಕ್ಸಿಗೆ ಒಂದು ಪ್ಲಗ್ ಸಾಕಾಗಿತ್ತು. ಈಗ ಅದೇ ಒಂದು ಪ್ಲಗ್‌ನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಫ್ರಿಜ್ಜು, ಮಿಕ್ಸಿ, ನೀರಿನ ಫಿಲ್ಟರ್, ಇಂಡಕ್ಷನ್ ಒಲೆ ಎಲ್ಲವನ್ನೂ ಓಡಿಸುತ್ತೇವೆ. 2000 ವಾಟಿನ ಇಂಡಕ್ಷನ್ ಒಲೆಯೊಂದೇ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಳೆಯ ಪ್ಲಗ್ ಇರುವುದು 5 ಆಂಪಿಯರಿಗೆ. ತಂತಿ ಬಿಸಿಯಾಗಿ ಹೊದಿಕೆ ಕರಗುವುದು ಹೀಗೆ. ಅಡುಗೆಮನೆಗೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ. ಇಂಡಕ್ಷನ್, ಓವನ್‌ಗಳಿಗೆ 16 ಆಂಪಿಯರ್ ಸಾಕೆಟ್ ಮತ್ತು 4 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿಸಿ. ಒದ್ದೆ ಕೈ, ಒದ್ದೆ ನೆಲದ ಜಾಗವಾದ್ದರಿಂದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕರೆಂಟು ಮೈಮೂಲಕ ನೆಲಕ್ಕೆ ಹರಿಯಲು ತೊಡಗಿದರೆ ಅದು ಕ್ಷಣಾರ್ಧದಲ್ಲಿ ಲೈನ್ ಕಡಿಯುತ್ತದೆ. ನಮ್ಮಲ್ಲಿ ಈ ಕೆಲಸಕ್ಕೆ 14,000 ಆಯಿತು. ಹಣ ಎಲ್ಲಿ ಕಡಿಮೆ ಮಾಡಿದರೂ ಇಲ್ಲಿ ಮಾಡಬೇಡಿ.

ಗ್ಯಾಸಿನ ಬಗ್ಗೆ ಎರಡು ಮಾತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಸಿಲಿಂಡರನ್ನು ಬಾಗಿಲಿನ ಹಿಂದೆ ಮುಚ್ಚಿಡುವ ಆಸೆ ಎಲ್ಲರಿಗೂ ಇರುತ್ತದೆ. ಮುಚ್ಚುವುದಾದರೆ ಬಾಗಿಲಿನ ತಳದಲ್ಲಿ ಗಾಳಿಯಾಡಲು ಜಾಲರಿ ಇರಲೇಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು, ರಬ್ಬರ್ ಪೈಪು ಒಂದೂವರೆ ಮೀಟರ್ ಮೀರಬಾರದು. ಆ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಸೋರಿಕೆಯ ಅನುಮಾನ ಬಂದರೆ 1906ಕ್ಕೆ ಫೋನ್ ಮಾಡಬಹುದು.

ಹೊಗೆಯನ್ನು ಹೊರಗೆ ಕಳಿಸುವುದು ಅಡುಗೆಮನೆ ಸುಧಾರಣೆಯ ಮುಖ್ಯ ಹೆಜ್ಜೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಹಳ್ಳಿಗಳಿಗೆ ತಂತ್ರಜ್ಞಾನ ಒಯ್ಯಲೆಂದು 1974ರಲ್ಲಿ ಅಲ್ಲಿ ಶುರುವಾದ ಆಸ್ತ್ರ ಕೇಂದ್ರ ರೂಪಿಸಿದ, ಮೂರು ಪಾತ್ರೆ ಇಡುವ, ಹೊಗೆ ಕೊಳವೆಯ ಆಸ್ತ್ರ ಒಲೆ ನಮ್ಮ ಎಷ್ಟೋ ಹಳ್ಳಿಮನೆಗಳಲ್ಲಿ ಉರಿದಿದೆ. ಪೇಟೆಯ ಅಡುಗೆಮನೆಯಲ್ಲಿ ಸೌದೆ ಹೊಗೆ ಹೋಗಿ ಒಗ್ಗರಣೆಯ ಘಾಟು, ಎಣ್ಣೆಯ ಜಿಡ್ಡು ಉಳಿದಿದೆ. ಇದಕ್ಕೆ ದುಬಾರಿ ಚಿಮಣಿಯೇ ಬೇಕೆಂದಿಲ್ಲ. ನಮ್ಮಂಥ 800 ಘನ ಅಡಿಯ ಕೋಣೆಯ ಗಾಳಿಯನ್ನು ಗಂಟೆಗೆ ಹದಿನೈದಿಪ್ಪತ್ತು ಸಲ ಬದಲಿಸಲು ಹತ್ತಿಂಚಿನ ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಸಾಕು. ಅದು ಒಲೆಯ ಸಮೀಪ, ಗೋಡೆಯ ಮೇಲ್ಭಾಗದಲ್ಲಿರಲಿ. ಎದುರು ಬದಿಯ ಕಿಟಕಿ ತೆರೆದಿರಲಿ. ಒಳಗೆ ಬರುವ ಗಾಳಿಗೆ ದಾರಿಯಿಲ್ಲದಿದ್ದರೆ ಫ್ಯಾನ್ ಬರಿದೇ ಸದ್ದು ಮಾಡುತ್ತದೆ.

ಉಳಿಸಿಕೊಳ್ಳಬಹುದಾದದ್ದನ್ನು ಒಡೆಯದಿರುವುದೇ ದೊಡ್ಡ ಉಳಿತಾಯ. ಮೊಸಾಯಿಕ್ ನೆಲವನ್ನು ಪಾಲಿಶ್ ಮಾಡಿಸಿದೆವು, ಮೂರು ಸಾವಿರದಲ್ಲಿ ಅದು ನನ್ನ ಬಾಲ್ಯದಲ್ಲಿದ್ದ ಹಾಗಾಯಿತು. ಗೋಡೆಯ ಹಳೆಯ ಟೈಲ್ಸನ್ನು ಬೆರಳಗಂಟಿನಿಂದ ಒಂದೊಂದಾಗಿ ತಟ್ಟಿ ನೋಡಿದೆವು. ಟೊಳ್ಳು ಸದ್ದು ಬಂದವನ್ನು ಕಿತ್ತು, ಗಟ್ಟಿಯಾಗಿದ್ದವುಗಳ ಮೇಲೆಯೇ ಅಂಟಿನಿಂದ ಹೊಸ ಟೈಲ್ಸ್ ಕೂರಿಸಿದೆವು. ಅದಕ್ಕೆಂದೇ ತಯಾರಾದ ಟೈಲ್ ಅಂಟು ಸಿಗುತ್ತದೆ. ಬರೀ ಸಿಮೆಂಟಿನಲ್ಲಿ ಟೈಲಿನ ಮೇಲೆ ಟೈಲು ನಿಲ್ಲುವುದಿಲ್ಲ. ಹೊಸ ಟೈಲ್ಸ್ ಹಾಕಿಸಿದ್ದೂ ಕಟ್ಟೆಯಿಂದ ಎರಡಡಿ ಎತ್ತರದವರೆಗೆ ಮಾತ್ರ. ಅದರ ಮೇಲಕ್ಕೆ ತೊಳೆಯಬಹುದಾದ ಬಣ್ಣ ಸಾಕು.

ಬಾಗಿಲುಗಳ ಸರದಿ ಬಂದದ್ದು ಕೊನೆಗೆ. ಸಿಂಕಿನ ಕೆಳಗೆ ಮರದ ಹಲಗೆಯೇ ಬೇಡವೆಂದು ಅಲ್ಯೂಮಿನಿಯಂ ಚೌಕಟ್ಟಿನ ಬಾಗಿಲು ಹಾಕಿಸಿದೆವು. ನೀವು ಪ್ಲೈವುಡ್ ಹಾಕಿಸುವುದಾದರೆ ಹಾಳೆಯ ಮೇಲಿನ ಐಎಸ್‌ಐ ಮುದ್ರೆ ಓದಿ. ಐಎಸ್ 303 ಎಂದಿರುವುದರಲ್ಲಿ ಎರಡು ದರ್ಜೆಗಳಿವೆ: ಎಂಆರ್ ಎಂಬುದು ತೇವವನ್ನಷ್ಟೇ ತಡೆಯುವುದು, ಬಿಡಬ್ಲ್ಯುಆರ್ ಎಂಬುದು ನೀರಿಗೆ ಹೆಚ್ಚು ತಾಳುವುದು. ಐಎಸ್ 710 ಎಂದರೆ ಮರೈನ್ ದರ್ಜೆ. ಅಡುಗೆಮನೆಗೆ ಬಿಡಬ್ಲ್ಯುಆರ್‌ಗಿಂತ ಕೆಳಗಿನದು ಬೇಡ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗವೆಂದು ತೋರಿದರೂ ಒಮ್ಮೆ ನೀರು ಕುಡಿದರೆ ಊದುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಮೇಲಿನ ಗೂಡುಗಳನ್ನು ನಾವು ತೆರೆದೇ ಬಿಟ್ಟೆವು. ಬೇಳೆ, ಅಕ್ಕಿ, ಸಾರಿನಪುಡಿ ಸೊಂಟದಿಂದ ಕಣ್ಣಿನ ಮಟ್ಟದೊಳಗೆ ಬಂದವು. ಚಕ್ಕುಲಿ ಒರಳು ಅಟ್ಟಕ್ಕೆ ಹೋಯಿತು. ಒಲೆಯಿಂದ ಸಿಂಕಿಗೆ ಈಗ ಮೂರು ಹೆಜ್ಜೆ, ಸಿಂಕನ್ನು ಮೂಲೆಯ ಕಡೆಗೆ ಸರಿಸಿದ್ದರಿಂದ.

ಕೆಲಸವನ್ನು ಆಷಾಢದಲ್ಲಿ ಇಟ್ಟುಕೊಂಡೆವು. ಆಗ ಗೃಹಪ್ರವೇಶಗಳ ಒತ್ತಡ ಇರುವುದಿಲ್ಲ, ಒಳ್ಳೆಯ ಕೆಲಸಗಾರರು ಬಿಡುವಾಗಿ ಸಿಕ್ಕರು. ಸಾಮಾನುಗಳನ್ನು ನಾವೇ ಕೊಂಡು, ಕೂಲಿಯನ್ನು ಮಾತ್ರ ಮೇಸ್ತ್ರಿಗೆ ಒಪ್ಪಿಸಿದೆವು. ಹದಿನಾಲ್ಕು ದಿನ ಹಿಂದಿನ ಅಂಗಳದಲ್ಲಿ ಅಡುಗೆ. ಒಟ್ಟು ಖರ್ಚು 87,000 ರೂಪಾಯಿ. ಮೊದಲೇ ತೆಗೆದಿಟ್ಟಿದ್ದ ಹತ್ತು ಸಾವಿರದಲ್ಲಿ ಆರು ಸಾವಿರ, ನೆಲದಡಿಯಲ್ಲಿ ಒಡೆದುಹೋಗಿದ್ದ ಪೈಪಿಗೆ ಹೋಯಿತು. ಹಳೆಯ ಮನೆಯಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ, ಅದಕ್ಕೆಂದು ಹಣ ಎತ್ತಿಡದೆ ಹಾರೆ ಎತ್ತಬೇಡಿ. ಲೆಕ್ಕ ಹಾಕಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಹಣ ಗೋಡೆಯೊಳಗೆ, ನೆಲದೊಳಗೆ, ಕಟ್ಟೆಯ ಕೆಳಗೆ ಹೋಗಿತ್ತು. ಮನೆಗೆ ಬಂದವರಿಗೆ ಅದು ಕಾಣುವುದಿಲ್ಲ. ಅಮ್ಮ ಮಾತ್ರ ಈಗ ಪಾತ್ರೆ ತೊಳೆದ ಮೇಲೆ ಸೊಂಟ ಹಿಡಿದು ನಿಲ್ಲದೆ, ಕೈ ಒರೆಸಿಕೊಂಡು ನೇರ ಹೊರಗೆ ಬರುತ್ತಾರೆ.

ನೀವೂ ಅಡುಗೆಮನೆ ರಿಪೇರಿಯ ಯೋಚನೆಯಲ್ಲಿದ್ದರೆ, ಕೊಟೇಶನ್ ತರಿಸುವ ಮೊದಲು ಮನೆಯಲ್ಲಿ ಅಡುಗೆ ಮಾಡುವವರನ್ನು ಗೋಡೆಯ ಪಕ್ಕ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಟೇಪು ಹಿಡಿದು ಅಳೆಯಿರಿ. ಆ ಸಂಖ್ಯೆಯನ್ನು ಒಂದು ಹಾಳೆಯ ಮೊದಲ ಸಾಲಿನಲ್ಲಿ ಬರೆದು, ಬಂದ ಮೇಸ್ತ್ರಿಯ ಕೈಗೆ ಕೊಡಿ.